ಸಾಹೇಬರು ಬಾಕಿ ಇಟ್ಟ ಮುತ್ತು

ಸ್ತಾರೊಬೊರ್ಸ್ಕ್ ಊರಿನ ತೂಕ ಮತ್ತು ಅಳತೆ ಇಲಾಖೆಯಲ್ಲಿ, ತಲೆಗೂದಲು ಕಪ್ಪಗಿದ್ದ ಕಾಲದಿಂದಲೂ ಗುಮಾಸ್ತನಾಗಿದ್ದ ಕೊಂದ್ರಾತಿ ಸವ್ವಿಚ್ ಮೊಶ್ಕೋವ್‌ನಿಗೆ, ಆ ವರ್ಷದ ಈಸ್ಟರ್ ಹಬ್ಬದ ದಿನ ಅಳತೆಯಲ್ಲಿ ಮೋಸವಾಯಿತು. ಊರಿನ ಅಂಗಡಿಗಳ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುವ ಕಚೇರಿಯಲ್ಲೇ, ಅದೂ ಕಚೇರಿಯ ಮುಖ್ಯಸ್ಥರ ಕೈಯಿಂದ, ಕೈಯಿಂದ ಏನು, ಬಾಯಿಂದಲೇ ಮೋಸವಾಯಿತು. ದೂರು ಕೊಡೋಣವೆಂದರೆ ದೂರು ತೆಗೆದುಕೊಳ್ಳುವವರೂ ಅವರೇ.

ಈಸ್ಟರ್ ದಿನ ನಮ್ಮಲ್ಲಿ ಎಲ್ಲರೂ ಎಲ್ಲರಿಗೂ ಮುತ್ತು ಕೊಡಬೇಕು. ಜಮೀನ್ದಾರ ತನ್ನ ಗಾಡಿ ಹೊಡೆಯುವವನಿಗೆ ಕೊಡುತ್ತಾನೆ, ಜೈಲರು ಕೈದಿಗೆ ಕೊಡುತ್ತಾನೆ, ಅತ್ತೆ ಸೊಸೆಗೆ ಕೊಡುತ್ತಾಳೆ. "ಕ್ರಿಸ್ತ ಎದ್ದಿದ್ದಾನೆ" ಎಂದು ಒಬ್ಬರು, "ನಿಜವಾಗ್ಲೂ ಎದ್ದಿದ್ದಾನೆ" ಎಂದು ಇನ್ನೊಬ್ಬರು. ಆಮೇಲೆ ಬಲಗೆನ್ನೆ, ಎಡಗೆನ್ನೆ, ಮತ್ತೆ ಬಲಗೆನ್ನೆ. ಮೂರು. ಹೆಚ್ಚು ಕೊಟ್ಟರೆ ಕುಡಿದಿದ್ದಾನೆ ಅನ್ನುತ್ತಾರೆ. ಕಡಿಮೆ ಕೊಟ್ಟದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ, ಕೇಳಿರಲಿಲ್ಲ.

ಕಚೇರಿಯ ದೊಡ್ಡ ಸಾಹೇಬರು ವಾರ್ಲಾಮ್ ಅಪೊಲೊನೊವಿಚ್, ಅರವತ್ತು ದಾಟಿದ ದಪ್ಪ ಮನುಷ್ಯ. ವರ್ಷವಿಡೀ ಬೈಯುವ ಬಾಯಿಗೆ ಆ ಒಂದು ದಿನ ಮುತ್ತಿನ ಕೆಲಸ ಹಚ್ಚುತ್ತಿದ್ದರು. ಗುಮಾಸ್ತರೆಲ್ಲ ಗುಂಡಿ ಹಾಕಿಕೊಂಡು, ಕೆನ್ನೆ ಉಜ್ಜಿಕೊಂಡು ಸಾಲಾಗಿ ನಿಲ್ಲುತ್ತಿದ್ದರು. ಮೊದಲು ಅವರ ಸಹಾಯಕ ಅಧಿಕಾರಿ ಯೂಲಿ ಫೆದೊರೊವಿಚ್. ಸಾಹೇಬರ ಕುರ್ಚಿ ಯಾವಾಗ ಖಾಲಿಯಾದೀತೆಂದು ಕಾದು ಕಾದು ಅವರ ಕೂದಲೂ ಉದುರಿತ್ತು. ಆಮೇಲೆ ಗುಮಾಸ್ತರು, ಕೊನೆಗೆ ಬಾಗಿಲ ಜವಾನ.

ಆ ಸಲ ಸಾಲಿನಲ್ಲಿ ನಿಂತವರೆಲ್ಲ ಒಬ್ಬರನ್ನೊಬ್ಬರು ಎಣಿಸುತ್ತಿದ್ದರು. ಬೇಸಿಗೆ ಬರುವುದರೊಳಗೆ ಈ ಕಚೇರಿಯಿಂದ ಒಬ್ಬ ಗುಮಾಸ್ತನನ್ನು ತೆಗೆಯಬೇಕೆಂದು ರಾಜಧಾನಿಯಿಂದ ಅಪ್ಪಣೆಯಾಗಿತ್ತು. ಯಾರನ್ನು ಎಂಬುದು ಮುಖ್ಯಸ್ಥರಿಗೆ ಬಿಟ್ಟದ್ದು. ಸರಕಾರಿ ಕುರ್ಚಿಯಿಂದ ಎದ್ದ ಗುಮಾಸ್ತ ನಮ್ಮೂರಲ್ಲಿ ಮತ್ತೆ ಎಲ್ಲೂ ಕೂತದ್ದಿಲ್ಲ. ನಿಂತುಕೊಂಡೇ ಮುದುಕನಾಗುತ್ತಾನೆ.

ಮೊಶ್ಕೋವ್‌ನ ಸರದಿ ಬಂತು. "ಕ್ರಿಸ್ತ ಎದ್ದಿದ್ದಾನೆ" ಎಂದರು ಸಾಹೇಬರು. "ನಿಜವಾಗ್ಲೂ ಎದ್ದಿದ್ದಾನೆ, ಮಹಾಪ್ರಭುಗಳೇ" ಎಂದ ಮೊಶ್ಕೋವ್. ಬಲಗೆನ್ನೆಗೆ ಒಂದು ಬಿತ್ತು. ಎಡಗೆನ್ನೆಗೆ ಒಂದು ಬಿತ್ತು. ಮೊಶ್ಕೋವ್ ಬಲಗೆನ್ನೆಯನ್ನು ಮತ್ತೆ ತಿರುಗಿಸಿ, ಕಣ್ಣು ಮುಚ್ಚಿ ಕಾದ. ಏನೂ ಬರಲಿಲ್ಲ. ಕಣ್ಣು ತೆರೆದಾಗ ಸಾಹೇಬರು ತುಟಿ ಬಿಗಿದುಕೊಂಡು, ಏನೋ ಕಹಿ ಕಚ್ಚಿದವರ ಹಾಗೆ ಅವನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಗಂಟಲಲ್ಲೇ ಒಂದು ಸದ್ದು ಮಾಡಿ, ಉಳಿದವರ ಕಡೆ ಕೈ ಬೀಸಿ, ಕೋಣೆ ಸೇರಿ ಬಾಗಿಲು ಹಾಕಿಕೊಂಡರು. ಮೊಶ್ಕೋವ್‌ನ ಆಚೆಗೆ ನಿಂತಿದ್ದವನು ಜವಾನನೊಬ್ಬನೇ. ಅವನಿಗೆ ಒಂದೂ ಸಿಗಲಿಲ್ಲ. ಆದರೆ ಅವನು ಜವಾನ, ಅವನಿಗೆ ಆ ಚಿಂತೆಯಿಲ್ಲ.

ಮೊಶ್ಕೋವ್ ಮಾತ್ರ ಕೆನ್ನೆ ತಿರುಗಿಸಿಕೊಂಡೇ ನಿಂತಿದ್ದ.

"ಮುಗೀತು ಕಣಯ್ಯಾ, ಕತ್ತು ಇಳಿಸು" ಎಂದ ಪಕ್ಕದ ಮೇಜಿನ ಜೊಸಿಮ್ ಪ್ರೊಖೊರಿಚ್. ಕಚೇರಿಯಲ್ಲಿ ಎಲ್ಲರಿಗಿಂತ ಹಳಬ. ಬೇರೆಯವರ ಕಷ್ಟವನ್ನು ಅವರಿಗಿಂತ ಮೊದಲು ಕಾಣುವ ಕಣ್ಣು ಅವನದು.

"ಇನ್ನೊಂದು ಬರ್ಬೇಕಿತ್ತಲ್ಲ?"

"ಬರ್ಬೇಕಿತ್ತು."

"ನೀವೂ ನೋಡಿದ್ರಾ?"

"ನೋಡೋದೇನು, ಎಣಿಸಿದೀನಿ. ನನಗೆ ಮೂರು. ಯೂಲಿ ಫೆದೊರೊವಿಚ್‌ಗೆ ಮೂರು. ನಿನಗೆ ಎರಡು." ಜೊಸಿಮ್ ಸುತ್ತ ನೋಡಿ ದನಿ ತಗ್ಗಿಸಿದ. ತಗ್ಗಿಸಿದ್ದರಿಂದ ಉಳಿದವರೆಲ್ಲ ಹತ್ತಿರ ಬಂದರು. "ನಾನೇನೂ ಹೇಳೋದಿಲ್ಲಪ್ಪ. ಹಬ್ಬದ ದಿನ. ಆದ್ರೆ ತೆಗೀಬೇಕು ಅಂತ ಮನಸ್ಸಲ್ಲಿ ಇಟ್ಕೊಂಡವನಿಗೆ ದೇವರ ಹೆಸರಲ್ಲಿ ಪೂರ್ತಿ ಮುತ್ತು ಕೊಡೋಕೆ ಯಾವ ಮನುಷ್ಯನಿಗೆ ತುಟಿ ಬರುತ್ತೆ, ಹೇಳು? ದೊಡ್ಡವರು, ಧರ್ಮಭೀರುಗಳು. ಮೂರನೇದಕ್ಕೆ ಆತ್ಮಸಾಕ್ಷಿ ಅಡ್ಡ ಬಂತು."

ಗುಮಾಸ್ತರೆಲ್ಲ ಮೊಶ್ಕೋವ್‌ನನ್ನು ಕನಿಕರದಿಂದ ನೋಡಿದರು. ಆ ಕನಿಕರದೊಳಗೆ ಎಷ್ಟು ಸಂತೋಷವಿತ್ತೆಂದರೆ, ಹಬ್ಬದ ಊಟಕ್ಕೆ ಅವರೆಲ್ಲ ಹಾಡಿಕೊಂಡು ಮನೆಗೆ ಹೋದರು. ಯಾರೋ ಒಬ್ಬ ಹೋಗಬೇಕಿತ್ತು. ಆ ಒಬ್ಬ ಯಾರೆಂದು ಈಗ ಗೊತ್ತಾಯಿತಲ್ಲ.

ಮನೆಯಲ್ಲಿ ಹೆಂಡತಿ ಗ್ಲಫೀರಾ ಹಬ್ಬದ ಸಿಹಿ ರೊಟ್ಟಿ ಕೊಯ್ಯುತ್ತಿದ್ದಳು. ಜೊತೆಗೆ ಅವರಿದ್ದ ಬಾಡಿಗೆ ಮನೆಯ ಒಡತಿ ಅಕಿಲಿನಜ್ಜಿ ಕೂತಿದ್ದಳು. ಅಜ್ಜಿಯ ಗಂಡ ಇಗರ್ಜಿಯಲ್ಲಿ ಗಂಟೆ ಹೊಡೆಯುತ್ತಿದ್ದವನು. ಆ ಕಾರಣದಿಂದ, ಬಿಷಪ್ಪರಿಗೂ ಗೊತ್ತಿಲ್ಲದ ಶಾಸ್ತ್ರವೆಲ್ಲ ತನಗೆ ಗೊತ್ತೆಂದು ಅವಳ ನಂಬಿಕೆ.

ಮೊಶ್ಕೋವ್ ಟೋಪಿ ತೆಗೆಯದೆ ಬೆಂಚಿನ ಮೇಲೆ ಕೂತು, ನಡೆದದ್ದನ್ನು ಹೇಳಿದ. ಗ್ಲಫೀರಾಳ ಕೈಯಲ್ಲಿದ್ದ ಚಾಕು ರೊಟ್ಟಿಯ ನಡುವೆಯೇ ನಿಂತಿತು.

"ಯಾವ ಕೆನ್ನೆ ಬಾಕಿ?"

"ಬಲಗಡೇದು."

"ಬಲಗಡೇದಾ! ಎಡಗಡೆ ಆಗಿದ್ರೆ ಹೆಂಗೋ ಸಹಿಸ್ಕೋಬಹುದಿತ್ತು." ಯಾಕೆ ಸಹಿಸಿಕೊಳ್ಳಬಹುದಿತ್ತೆಂದು ಅವಳೂ ಹೇಳಲಿಲ್ಲ, ಮೊಶ್ಕೋವ್‌ನೂ ಕೇಳಲಿಲ್ಲ. "ರೀ, ನೀವು ಏನಾದ್ರೂ ಮಾಡಿರ್ತೀರಿ. ಉಸಿರು ಬಿಟ್ರಾ? ನಕ್ರಾ? ಅವರ ಕಾಲು ತುಳಿದ್ರಾ?"

"ಕಣ್ಣು ಮುಚ್ಚಿದ್ದೆ ಅಷ್ಟೇ."

"ಕಣ್ಣು ಯಾಕೆ ಮುಚ್ಚಿದ್ರಿ? ಅವರೇನು ಗುಂಡು ಹೊಡೀತಿದ್ರಾ?"

ಅಕಿಲಿನಜ್ಜಿ ಕೈಯೆತ್ತಿ ಇಬ್ಬರನ್ನೂ ಸುಮ್ಮನಾಗಿಸಿದಳು. "ನೀವಿಬ್ರೂ ಕೆಲಸದ ಯೋಚನೆ ಮಾಡ್ತಿದೀರಿ. ಇದು ಕೆಲಸಕ್ಕಿಂತ ದೊಡ್ಡದು. ಮೊದಲನೇದು ತಂದೆಗೆ, ಎರಡನೇದು ಮಗನಿಗೆ, ಮೂರನೇದು ಪವಿತ್ರಾತ್ಮಕ್ಕೆ. ನಿನ್ನ ಗಂಡ ಪವಿತ್ರಾತ್ಮ ಇಲ್ದೆ ಮನೆಗೆ ಬಂದಿದಾನೆ ಕಣೇ ಗ್ಲಫೀರಾ. ಇಂಥವರನ್ನ ಹಿಂದಿನ ಕಾಲದಲ್ಲಿ ಇಗರ್ಜಿ ಒಳಗೇ ಬಿಡ್ತಿರ್ಲಿಲ್ಲ."

"ಅಜ್ಜೀ, ಹಾಗೆಲ್ಲ ಹೇಳ್ಬೇಡಿ" ಎಂದು ಗ್ಲಫೀರಾ ಅಳತೊಡಗಿದಳು.

"ಅಳ್ಬೇಡ. ನಲವತ್ತನೇ ದಿನಕ್ಕೆ ಸ್ವರ್ಗಾರೋಹಣದ ಹಬ್ಬ, ಅದು ಬರೋತನಕ ಈಸ್ಟರ್ ಮುತ್ತಿಗೆ ಕಾಲ ಇದೆ. ಅಷ್ಟರೊಳಗೆ ಬಾಕಿ ವಸೂಲಿ ಮಾಡ್ಕೊಂಡ್ರೆ ಆಯ್ತು. ಆಮೇಲೆ ಕೊಟ್ರೂ ಅದು ಈಸ್ಟರ್ ಮುತ್ತಲ್ಲ, ಬರೀ ಮುತ್ತು."

ಹೀಗೆ ಅಜ್ಜಿ ಒಂದು ಮಾತು ಹೇಳಿ ರೊಟ್ಟಿ ತಿಂದು ಹೋದಳು. ಮೊಶ್ಕೋವ್‌ನ ನಿದ್ದೆಯೂ ಅವಳ ಹಿಂದೆಯೇ ಹೋಯಿತು.

ಹಬ್ಬದ ರಜೆ ಮುಗಿದು ಕಚೇರಿ ತೆರೆದಾಗ ಮೊಶ್ಕೋವ್‌ನ ಕುರ್ಚಿ ಒಲೆಯ ಪಕ್ಕದಿಂದ ಕಿಟಕಿಯ ಪಕ್ಕಕ್ಕೆ ಬಂದಿತ್ತು. ಯಾರು ಸರಿಸಿದರೆಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಒಲೆಯ ಪಕ್ಕದಲ್ಲಿ ಜೊಸಿಮ್ ಕೂತಿದ್ದ. "ನಿನಗೆ ಅಲ್ಲಿ ಬಾಗಿಲು ಹತ್ತಿರ ಆಗುತ್ತೆ" ಎಂದ, ಉಪಕಾರ ಮಾಡಿದವನ ದನಿಯಲ್ಲಿ.

ಸಾಹೇಬರು ಮೊದಲಿನಂತಿರಲಿಲ್ಲ. ಬೈಯುವುದನ್ನು ಬಿಟ್ಟಿದ್ದರು. ತುಟಿ ಎರಡು ಮಾಡದೆ ಬಂದು, ತುಟಿ ಎರಡು ಮಾಡದೆ ಹೋಗುತ್ತಿದ್ದರು. ಏನಾದರೂ ಹೇಳಲೇಬೇಕಾದರೆ ಕರವಸ್ತ್ರ ಬಾಯಿಗೆ ಹಿಡಿದು ಹೇಳುತ್ತಿದ್ದರು. ಮೊದಲು ಬೈಗುಳಕ್ಕೆ ನಡುಗುತ್ತಿದ್ದ ಕಚೇರಿ ಈಗ ಮೌನಕ್ಕೆ ನಡುಗಿತು. ಮೊಶ್ಕೋವ್‌ನಿಗೆ ಮಾತ್ರ ಸಂಶಯವೇ ಇರಲಿಲ್ಲ. ಅವನನ್ನು ಕಂಡರೆ ಸಾಹೇಬರು ಮುಖ ತಿರುಗಿಸುತ್ತಿದ್ದರು. ಎದುರು ಬಂದರೆ ಗೋಡೆಯ ಕಡೆ ಸರಿಯುತ್ತಿದ್ದರು.

ಅವನು ಒಂದು ಕೆಂಪು ಬಣ್ಣದ ಹಬ್ಬದ ಮೊಟ್ಟೆ ಹಿಡಿದುಕೊಂಡು ಕಚೇರಿಯ ಕೋಣೆಗಳ ನಡುವಿನ ಓಣಿಯಲ್ಲಿ ಕಾದ. ಸಾಹೇಬರು ಬಂದರು.

"ಕ್ರಿಸ್ತ ಎದ್ದಿದ್ದಾನೆ, ಮಹಾಪ್ರಭುಗಳೇ!" ಎಂದು ಮೊಶ್ಕೋವ್ ಮೊಟ್ಟೆ ನೀಡಿ, ಬಲಗೆನ್ನೆ ಮುಂದೆ ಮಾಡಿದ.

ಈ ಮಾತಿಗೆ ಉತ್ತರ ಕೊಡದ ಕ್ರೈಸ್ತ ನಮ್ಮ ದೇಶದಲ್ಲಿ ಇಲ್ಲ. ಗಲ್ಲಿಗೇರುವವನೂ ಉತ್ತರ ಕೊಟ್ಟೇ ಏರುತ್ತಾನೆ. ಸಾಹೇಬರು "ಹ್ಮ್" ಎಂದರು, ಮೊಟ್ಟೆ ತೆಗೆದುಕೊಂಡರು, ಹೋದರು.

"ಮೊಟ್ಟೆ ತಗೊಂಡ್ರು, ಮುತ್ತು ಕೊಡ್ಲಿಲ್ಲ" ಎಂದು ಜೊಸಿಮ್ ಕಚೇರಿಗೆಲ್ಲ ತಿಳಿಸಿದ. "ಇದಕ್ಕಿಂತ ಸ್ಪಷ್ಟವಾಗಿ ಇನ್ನೇನು ಹೇಳ್ಬೇಕು ಅವರು?" ಮೊಶ್ಕೋವ್‌ನ ಮುಖ ನೋಡಿ ಅವನಿಗೂ ಪಾಪ ಅನ್ನಿಸಿರಬೇಕು. "ನೋಡು ಕೊಂದ್ರಾತಿ, ತಪ್ಪು ತಿಳ್ಕೋಬೇಡ. ನಿನ್ನ ಮೀಸೆ ಇದೆಯಲ್ಲ, ಅದು ಚುಚ್ಚುತ್ತೆ. ನಾನೂ ನಿನಗೆ ಮುತ್ತು ಕೊಟ್ಟಿದೀನಲ್ಲ, ನನಗೆ ಗೊತ್ತು. ಮೂಲಂಗಿ ವಾಸನೆ ಬೇರೆ. ಎರಡನೇ ಸಲಕ್ಕೇ ಸಾಹೇಬ್ರಿಗೆ ಸಾಕಾಗಿರ್ಬೇಕು."

ಮೊಶ್ಕೋವ್ ಅಂದೇ ಕ್ಷೌರಿಕನ ಅಂಗಡಿಗೆ ಹೋದ. ಮದುವೆಗಿಂತ ಮೊದಲೇ ಬಿಟ್ಟ ಮೀಸೆ ಅದು. ಅದು ಹೋದ ಮೇಲೆ ಮೂಗಿನ ಕೆಳಗೆ ಬೆಳ್ಳಗೆ, ಉದ್ದಕ್ಕೆ, ಯಾರದೋ ಬೇರೆಯವರ ತುಟಿಯೊಂದು ಕಾಣಿಸಿಕೊಂಡಿತು. ಗ್ಲಫೀರಾ ಬಾಗಿಲು ತೆರೆದು, "ಅವರು ಮನೇಲಿಲ್ಲ" ಎಂದು ಮತ್ತೆ ಮುಚ್ಚಿದಳು. ಕಚೇರಿಯಲ್ಲಿ ಜವಾನ ಒಳಗೆ ಬಿಡಲಿಲ್ಲ. ಸಾಹೇಬರು ಓಣಿಯಲ್ಲಿ ಅವನನ್ನು ಕಂಡು, ಕರವಸ್ತ್ರದ ಹಿಂದಿನಿಂದ ಯೂಲಿ ಫೆದೊರೊವಿಚ್‌ರನ್ನು ಕೇಳಿದರು: "ಯಾರದು? ಯಾಕೆ ನನ್ನ ಬಾಯಿ ನೋಡ್ತಾನೆ?"

ಈ ಮಾತು ಮೊಶ್ಕೋವ್‌ನ ಕಿವಿಗೆ ಬಿತ್ತು. ಅವನಿಗೆ ಕೇಳಿಸಿದ್ದು "ಯಾರದು" ಎಂಬುದಷ್ಟೇ. ಇಷ್ಟು ವರ್ಷ ಒಬ್ಬರ ಕೈಕೆಳಗೆ ಸವೆದು, ಕೊನೆಗೆ "ಯಾರದು" ಅನ್ನಿಸಿಕೊಳ್ಳುವುದೆಂದರೆ ಕುರ್ಚಿ ಆಗಲೇ ಹೋಯಿತೆಂದೇ ಅರ್ಥ. ಅವನು ಮನೆಗೆ ಬಂದು ಕೋಸಿನ ಸಾರು ಮುಟ್ಟಲಿಲ್ಲ.

ನೆರೆಯವರೂ ಸುಮ್ಮನಿರಲಿಲ್ಲ. ಎದುರುಮನೆಯಾಕೆ ಗ್ಲಫೀರಾಳಿಗೆ ಹಳೆಯ ಪಾತ್ರೆ ಮಾರುವುದಿದ್ದರೆ ಮೊದಲು ತನಗೆ ಹೇಳು ಎಂದಳು. ಪಾದ್ರಿ ಬೀದಿಯಲ್ಲಿ ನಿಲ್ಲಿಸಿ, "ಧೈರ್ಯ ತಗೋ ಮಗನೇ" ಎಂದು ತಲೆ ಸವರಿದರು. ಯಾಕೆಂದು ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ, ಊರೆಲ್ಲ ಹೇಳುತ್ತಿತ್ತು, ಅವರೂ ಹೇಳಿದರು. ಮೊಶ್ಕೋವ್ ಲಂಚ ತಿಂದಿದ್ದಾನೆಂದು ಒಬ್ಬರು, ಚಕ್ರವರ್ತಿಗಳ ಬಗ್ಗೆ ಕೆಟ್ಟ ಮಾತಾಡಿದ್ದಾನೆಂದು ಇನ್ನೊಬ್ಬರು. ಮೀಸೆ ತೆಗೆಸಿದ್ದು ತಲೆಮರೆಸಿಕೊಳ್ಳುವುದಕ್ಕೆ ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ.

"ಇನ್ನು ಉಳಿದಿರೋದು ಸ್ನಾನದ ಮನೆ ಒಂದೇ" ಎಂದಳು ಅಕಿಲಿನಜ್ಜಿ ಒಂದು ಶನಿವಾರ, ಮೂರನೆಯ ಲೋಟ ಚಹಾ ಬಗ್ಗಿಸಿಕೊಳ್ಳುತ್ತ. "ನಿಮ್ಮ ಸಾಹೇಬ್ರ ಮನೆ ಸ್ನಾನದ ಒಲೆ ಬಿರುಕು ಬಿಟ್ಟಿದೆ. ಅವರ ಅಡುಗೆಯವಳೇ ಹೇಳಿದ್ಳು. ಇವತ್ತು ಊರ ಸ್ನಾನದ ಮನೆಗೆ ಬರ್ತಾರೆ. ಅಲ್ಲಿ ಎಲ್ರೂ ಬೆತ್ತಲೆ. ಬೆತ್ತಲೆಗೆ ಸಾಹೇಬ ಯಾರು, ಗುಮಾಸ್ತ ಯಾರು? ಆದಾಮ ಇದ್ದ ಹಾಗೆ ಇರ್ತಾರೆ. ಹೋಗಿ ವಸೂಲಿ ಮಾಡ್ಕೋ."

"ಬೆತ್ತಲೆ ಇರುವಾಗ ಮುತ್ತು ಕೇಳೋದು ಹೆಂಗಜ್ಜೀ?"

"ಬಟ್ಟೆ ಹಾಕ್ಕೊಂಡು ಕೇಳಿದ್ಯಲ್ಲ, ಕೊಟ್ರಾ?"

"ಹೋಗ್ರೀ" ಎಂದಳು ಗ್ಲಫೀರಾ, ಶುಭ್ರ ಒಳಂಗಿ ಕೊಡುತ್ತ. "ಕುರ್ಚಿ ಹೋದ್ರೆ ನಾನು ಯಾರ ಮನೆ ನೆಲ ಒರೆಸ್ಲಿ? ಎದುರುಮನೆಯವಳದ್ದಾ? ಅವಳು ನನ್ನ ಪಾತ್ರೆ ಮೇಲೆ ಕಣ್ಣು ಹಾಕ್ಕೊಂಡು ಕೂತಿದಾಳೆ. ಹೋಗಿ. ಕಾಲಿಗೆ ಬಿದ್ದಾದ್ರೂ ತಗೊಂಡು ಬನ್ನಿ."

ಸ್ನಾನದ ಮನೆಯ ಹಬೆ ಕೋಣೆಯಲ್ಲಿ ತನ್ನ ಮೊಣಕಾಲು ತನಗೆ ಕಾಣುವಂತಿರಲಿಲ್ಲ. ಬಿಸಿಕಲ್ಲಿನ ಮೇಲೆ ನೀರು ಸುರಿದಾಗೆಲ್ಲ ಮೇಲಿನ ಮೆಟ್ಟಿಲುಗಳಿಂದ ನರಳುವ ಸದ್ದು, ಬರ್ಚ್ ಎಲೆಗಳ ಕಟ್ಟಿನಿಂದ ಮೈ ಬಡಿದುಕೊಳ್ಳುವ ಸದ್ದು. ಮೊಶ್ಕೋವ್ ಒಂದು ಮರದ ತೊಟ್ಟಿಯನ್ನು ಮುಂದೆ ಹಿಡಿದುಕೊಂಡು ಮೆಟ್ಟಿಲು ಹತ್ತಿದ. ಮೇಲೆ ದೊಡ್ಡ ಹೊಟ್ಟೆಯೊಂದು ಕೆಂಪಗೆ ಕೂತಿತ್ತು. ಸಾಹೇಬರ ಹೊಟ್ಟೆಯೇ. ಅಷ್ಟು ವರ್ಷ ಅದರ ಮುಂದೆ ಬಗ್ಗಿ ನಿಂತವನಿಗೆ ಗೊತ್ತಾಗದೇ ಇರುತ್ತದೆಯೇ?

"ಕ್ರಿಸ್ತ ಎದ್ದಿದ್ದಾನೆ" ಎಂದು ಪಿಸುಗುಟ್ಟಿ, ಬಲಗೆನ್ನೆ ನೀಡಿದ.

"ನಿಜವಾಗ್ಲೂ ಎದ್ದಿದ್ದಾನೆ, ಅಣ್ಣಾ!" ಎಂದು ಹೊಟ್ಟೆ ಗುಡುಗಿತು. ಎರಡು ಒದ್ದೆ ತೋಳುಗಳು ಅವನನ್ನು ಅಪ್ಪಿ, ಬಲಕ್ಕೆ, ಎಡಕ್ಕೆ, ಬಲಕ್ಕೆ ಎಂದು ಕೆನ್ನೆ ಉರಿಯುವ ಹಾಗೆ ಮುತ್ತಿಟ್ಟವು. ಅದು ಮಾಂಸದಂಗಡಿಯ ಕಲಾಚೋವ್. "ಇನ್ನೂ ಬೇಕಾ? ತಗೋ, ಇನ್ನೊಂದು ಮೂರು!"

"ಬೇಡ ಬೇಡ, ನನಗೆ ಒಂದೇ ಸಾಕಿತ್ತು" ಎಂದು ಮೊಶ್ಕೋವ್ ಬಿಡಿಸಿಕೊಂಡ. ಬೇಡದ ಕಡೆ ಇಷ್ಟು ಧಾರಾಳ. ಬೇಕಾದ ಒಂದು ಮಾತ್ರ ಇಡೀ ಊರಲ್ಲಿ ಸಿಗದು.

ಆಗ ಅವನಿಗೆ ಮೂಲೆಯಲ್ಲಿ ಸಾಹೇಬರು ಕಂಡರು. ಒಬ್ಬರೇ, ಕೆಳಗಿನ ಮೆಟ್ಟಿಲ ಮೇಲೆ, ಗೋಡೆಗೆ ಮುಖ ಮಾಡಿ ಕೂತಿದ್ದರು. ತೂಕ ಮತ್ತು ಅಳತೆ ಇಲಾಖೆಯ ಮುಖ್ಯಸ್ಥರು ಬಟ್ಟೆಯಿಲ್ಲದೆ ಎಷ್ಟು ಸಣ್ಣವರಾಗಿ ಕಾಣುತ್ತಾರೆಂದು ಮೊಶ್ಕೋವ್‌ನಿಗೆ ನೋವಾಯಿತು. ಅವನು ಮಂಡಿಯೂರಿದ.

"ಮಹಾಪ್ರಭುಗಳೇ, ಕ್ರಿಸ್ತ ಎದ್ದಿದ್ದಾನೆ. ದಯವಿಟ್ಟು. ಒಂದೇ ಒಂದು. ಮಿಕ್ಕಿದ್ದೊಂದು ಕೊಟ್ಬಿಡಿ."

ಸಾಹೇಬರು ತಿರುಗಿದರು. ಹಬೆಯೊಳಗಿಂದ, ಒಂದು ಗೇಣು ಅಂತರದಲ್ಲಿ, ಮೀಸೆಯಿಲ್ಲದ ಅಪರಿಚಿತ ಮುಖವೊಂದು ತಮ್ಮ ಬಾಯಿಯನ್ನೇ ನೋಡುತ್ತ ಮುಂದೆ ಮುಂದೆ ಬರುತ್ತಿತ್ತು. ಬೆತ್ತಲೆ ಮನುಷ್ಯ ಹೆದರಿದಾಗ ಏನು ಮುಚ್ಚಿಕೊಳ್ಳಬೇಕೋ ಅದನ್ನು ಮುಚ್ಚಿಕೊಳ್ಳುತ್ತಾನೆ. ಸಾಹೇಬರು ಅದೆಲ್ಲವನ್ನೂ ಬಿಟ್ಟು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಹಾಗೆಯೇ ಎದ್ದು, ಜಾರಿ, ಮತ್ತೆ ಎದ್ದು, ಬಾಗಿಲು ನೂಕಿ ಓಡಿದರು. ಬಟ್ಟೆ ಬಿಚ್ಚುವ ಕೋಣೆಯಲ್ಲಿ ಕೈಗೆ ಸಿಕ್ಕ ಯಾರದೋ ಮೇಲಂಗಿ ಸುತ್ತಿಕೊಂಡು, ತಲೆಗೆ ಟೋಪಿಯಿಲ್ಲದೆ, ಎದೆ ತೆರೆದುಕೊಂಡು, ನದಿಯ ಮಂಜುಗಡ್ಡೆ ಇನ್ನೂ ಪೂರ್ತಿ ಕರಗದ ಆ ಗಾಳಿಯಲ್ಲಿ ಗಾಡಿ ಹುಡುಕುತ್ತ ಬೀದಿಯುದ್ದಕ್ಕೂ ಹೋದರು. ಬಾಯಿಯ ಮೇಲಿನ ಕೈ ಮಾತ್ರ ತೆಗೆಯಲಿಲ್ಲ.

ಸಾಹೇಬರಿಗೆ ಶ್ವಾಸಕೋಶಕ್ಕೆ ಶೀತ ಹತ್ತಿತು. ಹಬೆಯಿಂದೆದ್ದು ಹಾಗೇ ಬೀದಿಗೆ ಯಾಕೆ ಹೋದರೆಂದು ವೈದ್ಯರಿಗೆ ತಿಳಿಯಲಿಲ್ಲ, ಮನೆಯವರು ಹೇಳಲಿಲ್ಲ. ಆ ಮನೆಯ ಹೊರಗೆ ಒಬ್ಬನಿಗೆ ತಿಳಿದಿತ್ತು, ಅವನೂ ಬಾಯಿ ಬಿಡಲಿಲ್ಲ. ಮೊಶ್ಕೋವ್ ದಿನವೂ ಸಾಹೇಬರ ಮನೆಯ ಮೆಟ್ಟಿಲವರೆಗೆ ಹೋಗಿ, ಆರೋಗ್ಯ ವಿಚಾರಿಸಿ ಬರುತ್ತಿದ್ದ. ಮನುಷ್ಯ ಸಾಯಬಾರದೆಂದು ಅವನಷ್ಟು ಮನಃಪೂರ್ವಕವಾಗಿ ಬೇಡಿಕೊಂಡವರು ಬೇರೆ ಯಾರೂ ಇರಲಿಲ್ಲ. ಬೇಡಿಕೆಯಲ್ಲಿ ಭಯ ಎಷ್ಟು, ಪಶ್ಚಾತ್ತಾಪ ಎಷ್ಟು, ಬಾಕಿ ಎಷ್ಟು ಎಂದು ತೂಗಿ ನೋಡುವ ಶಕ್ತಿ ಅವನಿಗೆ ಉಳಿದಿರಲಿಲ್ಲ. ಅವನಿಗೆ ಸುಸ್ತಾಗಿತ್ತು.

ಸ್ವರ್ಗಾರೋಹಣ ಇನ್ನೂ ಮುಂದಿರುವಾಗಲೇ ಸಾಹೇಬರು ತೀರಿಕೊಂಡರು.

"ಇನ್ನು ಯಾರು ಕೊಡ್ತಾರ್ರೀ?" ಎಂದು ಗ್ಲಫೀರಾ ತಲೆ ಮೇಲೆ ಕೈ ಹೊತ್ತಳು.

ಅಕಿಲಿನಜ್ಜಿ ಮಾತ್ರ ಕಂಗೆಡಲಿಲ್ಲ. "ಹುಚ್ಚಿ. ಶವಕ್ಕೆ ಕೊನೇ ಮುತ್ತು ಕೊಡೋ ಪದ್ಧತಿ ಇಲ್ವಾ? ಅವರು ಕೊಡ್ದೆ ಇದ್ರೆ ಇವನೇ ಕೊಡ್ಲಿ. ಮುತ್ತು ಯಾವ ಕಡೆಯಿಂದ ಬಂದ್ರೇನು, ಲೆಕ್ಕ ಭರ್ತಿ ಆಗ್ಬೇಕು."

ಇಗರ್ಜಿ ತುಂಬಿತ್ತು. ಗವರ್ನರರು ಬರುತ್ತಾರೆಂದು ಎಲ್ಲರೂ ಬಂದಿದ್ದರು; ಗವರ್ನರರು ಬರಲಿಲ್ಲ. ಶವಪೆಟ್ಟಿಗೆಯ ಮುಂದೆ ಸಾಲು ನಿಂತಿತು. ಮೊದಲು ಮನೆಯವರು, ಆಮೇಲೆ ಯೂಲಿ ಫೆದೊರೊವಿಚ್. ದುಃಖದ ಮುಖ ಹಾಕಿಕೊಳ್ಳುವುದಕ್ಕೆ ಅವರು ಪಡುತ್ತಿದ್ದ ಶ್ರಮ ನೋಡಿದರೆ ಯಾರಿಗಾದರೂ ಕಣ್ಣೀರು ಬರುವಂತಿತ್ತು. ಅವರು ಬಗ್ಗಿ, ತುಟಿ ತಾಗಿಸದೆ, ಮೇಲೆದ್ದರು. ಜೊಸಿಮ್ ಹೋದ, ಬಂದ. ಮೊಶ್ಕೋವ್‌ನ ಸರದಿ ಬಂತು.

ಸಾಹೇಬರು ತುಟಿ ಬಿಗಿದುಕೊಂಡೇ ಮಲಗಿದ್ದರು. ಅವನು ಶವದ ಹಣೆಗೆ ಸುತ್ತಿದ್ದ ಪ್ರಾರ್ಥನೆಯ ಕಾಗದದ ಪಟ್ಟಿಯ ಮೇಲೆ ತುಟಿಯೂರಿದ. ತಣ್ಣಗಿತ್ತು. ಇಷ್ಟು ದಿನ ಎದೆಯ ಮೇಲಿದ್ದ ಕಲ್ಲು ಒಮ್ಮೆಲೇ ಇಳಿಯಿತು. ಅದರ ಜಾಗಕ್ಕೆ ಅಳು ಬಂತು. ತನ್ನನ್ನು ಹೆದರಿಸಿದ ದೊಡ್ಡ ಮನುಷ್ಯ ಇಲ್ಲಿ ಕೈ ಮಡಿಚಿಕೊಂಡು ಮಲಗಿದ್ದಾನೆ, ಅವನನ್ನು ಇಲ್ಲಿ ಮಲಗಿಸಿದವನು ತಾನು. ಮೊಶ್ಕೋವ್ ಪೆಟ್ಟಿಗೆಯ ಅಂಚು ಹಿಡಿದು ಬಿಕ್ಕಿ ಬಿಕ್ಕಿ ಅತ್ತ.

"ಕ್ಷಮಿಸಿ, ಮಹಾಪ್ರಭುಗಳೇ. ಆಯ್ತು, ಇನ್ನು ಪೂರ್ತಿ ಆಯ್ತು" ಎಂದು ಅಳುತ್ತಿದ್ದವನನ್ನು ಇಬ್ಬರು ಹಿಡಿದು ಎಬ್ಬಿಸಬೇಕಾಯಿತು. ಇಡೀ ಇಗರ್ಜಿ ಅವನನ್ನು ನೋಡಿತು. ಯೂಲಿ ಫೆದೊರೊವಿಚ್ ಕೂಡ ನೋಡಿದರು.

ಸಮಾಧಿಯಾದ ಮೇಲೆ ಸಾಹೇಬರ ಮನೆಯಲ್ಲಿ ಊಟ. ಜೇನು ಹಾಕಿದ ಗೋಧಿ ಅನ್ನ, ತೆಳು ದೋಸೆ, ವೋಡ್ಕಾ. ಸಾಹೇಬರ ವಿಧವೆ ಗುಮಾಸ್ತರ ಬೆಂಚಿನ ತುದಿಯಲ್ಲಿದ್ದ ಮೊಶ್ಕೋವ್‌ನನ್ನು ಹುಡುಕಿಕೊಂಡು ಬಂದು, ಕೈ ಹಿಡಿದು, ತನ್ನ ಪಕ್ಕದಲ್ಲಿ, ಯೂಲಿ ಫೆದೊರೊವಿಚ್‌ರ ಎದುರು ಕೂರಿಸಿದಳು.

"ಇಷ್ಟು ಜನರಲ್ಲಿ ನನ್ನ ಗಂಡನ್ನ ಪ್ರೀತಿಸ್ತಿದ್ದೋನು ಈತ ಒಬ್ಬನೇ!" ಎಂದಳು ಎಲ್ಲರಿಗೂ ಕೇಳುವ ಹಾಗೆ. "ದಿನಾ ಮೆಟ್ಟಿಲ ಹತ್ರ ಬಂದು ನಿಲ್ತಿದ್ದ. ಬೇರೆ ಯಾರು ಬಂದ್ರಿ? ನೀವೆಲ್ಲ ಹಿಂದಿನಿಂದ ನಗ್ತಿದ್ರಿ. ಅವರಿಗೆ ಗೊತ್ತಿತ್ತು. ಆ ಸಂಕಟದಲ್ಲೇ ಹೋದ್ರು."

"ನಗೋದಾ? ನಾವಾ?" ಎಂದ ಜೊಸಿಮ್, ದೋಸೆ ನುಂಗದೆ.

"ಹಲ್ಲಿಗೆ! ಇನ್ನು ಮುಚ್ಚಿಡೋದೇನಿದೆ. ಅವರ ಮುಂದಿನ ಎರಡು ಹಲ್ಲು ಕಟ್ಟಿಸಿದ್ದು. ಈಸ್ಟರ್ ದಿನ ಯಾವನೋ ಗುಮಾಸ್ತನಿಗೆ ಮುತ್ತು ಕೊಡುವಾಗ ಸಡಿಲ ಆಗಿ ನಾಲಿಗೆ ಮೇಲೆ ಬಿತ್ತಂತೆ. ತುಟಿ ಬಿಗಿದ್ಕೊಂಡು ಮನೆಗೆ ಓಡಿ ಬಂದ್ರು. 'ನೋಡಿಬಿಟ್ಟ ಕಣೇ, ಆ ಮೀಸೆಯವನು ನೋಡಿಬಿಟ್ಟ, ಕಣ್ಣು ಮುಚ್ಚಿ ನಗು ತಡ್ಕೊಂಡ' ಅಂತ ರಾತ್ರಿಯೆಲ್ಲ ಹೊರಳಾಡಿದ್ರು. 'ಹಲ್ಲಿಲ್ದವನಿಗೆ ಯಾವ ಗುಮಾಸ್ತ ಹೆದರ್ತಾನೆ? ರಾಜಧಾನಿಗೆ ಗೊತ್ತಾದ್ರೆ ಮುದುಕ ಅಂತ ಮನೆಗೆ ಕಳಿಸ್ತಾರೆ' ಅಂತ. ಮೊನ್ನೆ ಸ್ನಾನದ ಮನೇಲಿ ಹಲ್ಲು ತೆಗೆದಿಟ್ಟು ಕೂತಿದ್ರೆ, ಯಾವನೋ ಬೇಹುಗಾರ ಬಾಯೊಳಗೇ ಇಣುಕಿ, 'ಮಿಕ್ಕಿದ್ದೊಂದು ಕೊಟ್ಬಿಡಿ' ಅಂದನಂತೆ. ಮಿಕ್ಕಿರೋ ಹಲ್ಲನ್ನೂ ಕೇಳಿದ ಪಾಪಿ! ಮೀಸೆ ಇರ್ಲಿಲ್ಲವಂತೆ ಅವನಿಗೆ, ಆದ್ರಿಂದ ಬೇರೆಯವನೇ."

ಮೊಶ್ಕೋವ್ ಬೋಳು ಮೇಲ್ದುಟಿಯನ್ನು ಕೈಯಿಂದ ಮುಚ್ಚಿಕೊಂಡ. ಇಷ್ಟು ದಿನವೂ ಅವನು ಅವರಿಗೆ ಹೆದರುತ್ತಿದ್ದ, ಅವರು ಅವನಿಗೆ ಹೆದರುತ್ತಿದ್ದರು. ಓಣಿಯ ಗೋಡೆಗೆ ಇಬ್ಬರೂ ಒರಗಿಕೊಂಡು ಹೋಗುತ್ತಿದ್ದರು. ಇದನ್ನು ಹೇಳಿ ನಗೋಣವೆಂದರೆ ಜೊತೆಗೆ ನಗಬೇಕಾದವರನ್ನು ಈಗಷ್ಟೇ ಹೂತು ಬಂದಿದ್ದರು.

"ಯೂಲಿ ಫೆದೊರೊವಿಚ್, ಈತನ್ನ ಚೆನ್ನಾಗಿ ನೋಡ್ಕೊಳ್ಳಿ" ಎಂದಳು ವಿಧವೆ. "ನನ್ನ ಗಂಡನ ನೆನಪಿಗೆ."

"ಖಂಡಿತ, ಅಮ್ಮಾ" ಎಂದರು ಯೂಲಿ ಫೆದೊರೊವಿಚ್, ಮೊಶ್ಕೋವ್‌ನ ಮೇಲಿಂದ ಕಣ್ಣು ತೆಗೆಯದೆ.

ಮರುದಿನ ಅವರು ಅವನನ್ನು ಸಾಹೇಬರ ಕೋಣೆಗೆ ಕರೆದರು. ಆಗಲೇ ಸಾಹೇಬರ ಕುರ್ಚಿಯಲ್ಲಿ ಕೂತಿದ್ದರು, ಆದರೆ ಅಂಚಿನ ಮೇಲೆ, ಯಾರಾದರೂ ಬಂದು ಎಬ್ಬಿಸಿಯಾರು ಎಂಬಂತೆ.

"ಕೂತ್ಕೊಳ್ಳಿ ಕೊಂದ್ರಾತಿ ಸವ್ವಿಚ್. ನಿನ್ನೆ ನಾನು ನಿಮ್ಮನ್ನ ನೋಡ್ದೆ. ಅಂಥ ಅಳು ನಾನು ಕಂಡಿಲ್ಲ. ರಾತ್ರಿ ನಿದ್ದೆ ಬರ್ಲಿಲ್ಲ ನನಗೆ. ನಾಳೆ ನಾನು ಸತ್ರೆ ಹೀಗೆ ಯಾರು ಅಳ್ತಾರೆ? ಯಾರೂ ಇಲ್ಲ. ನಿಮ್ಮನ್ನ ಕಂಡಾಗೆಲ್ಲ ಆ ಯೋಚನೆನೇ ಬರುತ್ತೆ." ಅವರು ಎದ್ದು ಕಿಟಕಿಯ ಬಳಿ ಹೋದರು. "ನಾನು ಈ ಕುರ್ಚಿಯಲ್ಲಿ ಕೂತು ಏನು ಹೇಳಿದ್ರೂ, ಹಳೇ ಸಾಹೇಬ್ರು ಹೀಗೆ ಹೇಳ್ತಿರ್ಲಿಲ್ಲ ಅಂತ ನೀವು ಮನಸ್ಸಲ್ಲೇ ಅಂದ್ಕೋತೀರಿ."

"ಇಲ್ಲ, ಮಹಾಪ್ರಭುಗಳೇ! ದೇವರಾಣೆ ಇಲ್ಲ! ನಾನು ಅವರನ್ನ ಪ್ರೀತಿಸ್ತಾನೇ ಇರ್ಲಿಲ್ಲ!"

"ವಿನಯ. ಅದೂ ಗೊತ್ತಿತ್ತು ನನಗೆ." ಯೂಲಿ ಫೆದೊರೊವಿಚ್‌ರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. "ಒಬ್ಬರನ್ನ ತೆಗೀಲೇಬೇಕು. ಇಷ್ಟು ದೊಡ್ಡ ದುಃಖ ಇಟ್ಕೊಂಡು ಇಲ್ಲಿ ದುಡೀರಿ ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ? ಹೋಗಿ. ವಿಶ್ರಾಂತಿ ತಗೊಳ್ಳಿ. ಈಸ್ಟರ್ ಕಾಲ ಇನ್ನೂ ಮುಗಿದಿಲ್ಲ, ಬನ್ನಿ, ಅಪ್ಪಿಕೊಳ್ಳೋಣ."

ಅವರು ಅವನನ್ನು ಎದೆಗೊತ್ತಿಕೊಂಡರು.

ಮೊಶ್ಕೋವ್ ಹೊರಗೆ ಬರುವಷ್ಟರಲ್ಲಿ ಕಿಟಕಿಯ ಪಕ್ಕದ ಕುರ್ಚಿ ಇರಲಿಲ್ಲ. ಜೊಸಿಮ್ ಅದನ್ನು ತನ್ನ ಪಕ್ಕಕ್ಕೆ ಎಳೆದುಕೊಂಡು, ಅದರ ಮೇಲೆ ಟೋಪಿ ಮತ್ತು ತಿಂಡಿಯ ಗಂಟು ಇಟ್ಟಿದ್ದ. ಯಾರೂ ತಲೆ ಎತ್ತಲಿಲ್ಲ. ಅವನು ನಿಧಾನವಾಗಿ ನಡೆದು ಮನೆಗೆ ಬಂದ.

ಗ್ಲಫೀರಾ ಅವನ ಮುಖ ನೋಡಿಯೇ ಬೆಂಚಿನ ಮೇಲೆ ಕುಸಿದಳು. ಅಕಿಲಿನಜ್ಜಿ ಚಹಾ ಕಾಯಿಸುವ ಸಮೊವಾರಿನ ಪಕ್ಕದಿಂದ ಏಳಲಿಲ್ಲ.

"ತೆಗೆದ್ರಾ?"

"ತೆಗೆದ್ರು."

ಎದುರುಮನೆಯ ಕಿಟಕಿ ತೆರೆದ ಸದ್ದು ಕೇಳಿತು. ಗ್ಲಫೀರಾ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡು, ಇನ್ನೂ ಒಂದು ಆಸೆಯನ್ನು ಎಲ್ಲಿಂದಲೋ ಹುಡುಕಿ ತಂದವಳ ಹಾಗೆ ಕೇಳಿದಳು:

"ಹೊಸ ಸಾಹೇಬ್ರು ಮುತ್ತು ಕೊಟ್ರೇನ್ರೀ?"

"ಕೊಟ್ರು."

"ಎಷ್ಟು?"

"ಮೂರು" ಎಂದ ಮೊಶ್ಕೋವ್, ಬಲಗೆನ್ನೆ ಸವರಿಕೊಳ್ಳುತ್ತ. "ಮೂರೂ ಕೊಟ್ರು."